ಫೈಲ್ ಪಟ್ಟಿಯಲ್ಲಿ ಕಾಣುತ್ತೆ, ತೆರೆದರೆ "ಇಲ್ಲ" ಅನ್ನುತ್ತೆ: ಕ್ಲೌಡ್ ಡ್ರೈವ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ತೊಂದರೆ

ಖಾಲಿಫೋಲ್ಡರ್ (ಪ್ರಶ್ನೆ)

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ಓಡುವ ಪೈಥಾನ್ ಸ್ಕ್ರಿಪ್ಟ್ ಒಂದಿದೆ. ಅದರ ಫೋಲ್ಡರ್ ಅನ್ನು ಹಾಗೇ ಕ್ಲೌಡ್ ಡ್ರೈವ್‌ಗೆ ಏರಿಸಿ, ಆನ್‌ಲೈನ್ ನೋಟ್‌ಬುಕ್‌ನಲ್ಲಿ (ಒಳಗಿರೋದು ಲಿನಕ್ಸ್) ಡ್ರೈವ್ ಮೌಂಟ್ ಮಾಡಿ (ಒಂದು ಫೋಲ್ಡರ್ ಥರ ಜೋಡಿಸಿ) ಅದೇ ಸ್ಕ್ರಿಪ್ಟ್ ಓಡಿಸಿದರೆ ಮೂರು ತೊಂದರೆ.

ಒಂದು: ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಟೇಬಲ್ ಫೈಲ್) ತೆರೆಯುವ ಸಾಲಿನಲ್ಲೇ ಎರರ್ 2, "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಎಡಗಡೆ ಪ್ಯಾನೆಲ್‌ನಲ್ಲಿ ಆ ಫೈಲ್ ಕಣ್ಣೆದುರಿಗೇ ಇದೆ. ಫೈಲ್ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದ್ದೀನಿ, ಸರಿಯಾಗಿದೆ. ಅದರ ಮೇಲಿನ ಫೋಲ್ಡರ್‌ನ ಹೆಸರು ಇಂಗ್ಲಿಷ್‌ನಲ್ಲಿ "ಡೇಟಾ". ಡ್ರೈವ್‌ನಲ್ಲಿ ಮೊದಲಕ್ಷರ ದೊಡ್ಡದು, ಕೋಡ್‌ನಲ್ಲಿ ಪೂರ್ತಿ ಸಣ್ಣಕ್ಷರ. ಇಷ್ಟಕ್ಕೇ ಹೀಗಾಗುತ್ತಾ?

ಎರಡು: ಚಿತ್ರಗಳ ಫೋಲ್ಡರ್‌ನಲ್ಲಿ 640 ಫೈಲ್ ಇವೆ. ಗ್ಲಾಬ್ (ಹೆಸರಿನ ಮಾದರಿ ಕೊಟ್ಟು ಫೈಲ್ ಹುಡುಕುವ ಫಂಕ್ಷನ್) ಹಾಕಿ ಜೆಪಿಜಿ ಎಲ್ಲಾ ಎತ್ತಿದರೆ 418 ಬರುತ್ತೆ. ಎರರ್ ಏನೂ ಇಲ್ಲ. ವಿಂಡೋಸ್‌ನಲ್ಲಿ ಇದಕ್ಕಿಂತ ಜಾಸ್ತಿ ಬರುತ್ತಿತ್ತು.

ಮೂರು: ಲ್ಯಾಪ್‌ಟಾಪ್‌ನ ಸಿಂಕ್ ಫೋಲ್ಡರ್‌ನಲ್ಲಿ ಆ ಮೊದಲಕ್ಷರವನ್ನು ಸಣ್ಣದು ಮಾಡಿ ರೀನೇಮ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಬದಲಾಯಿತು. ಬ್ರೌಸರ್‌ನಲ್ಲಿ ನೋಡಿದರೆ ಹಳೇ ಹೆಸರೇ ಕೂತಿದೆ.

---

ಬೈಟುಬೈಟು

ಇಷ್ಟಕ್ಕೇ ಆಗುತ್ತೆ. ನಿಮ್ಮ ಒಂದನೆಯದಕ್ಕೂ ಎರಡನೆಯದಕ್ಕೂ ಬೇರು ಒಂದೇ.

ಲಿನಕ್ಸ್‌ಗೆ ಫೈಲ್ ಹೆಸರು ಅಂದರೆ ಬೈಟುಗಳ ಸಾಲು, ಅಷ್ಟೇ. ಇಂಗ್ಲಿಷಿನ ದೊಡ್ಡ ಡಿ 68, ಸಣ್ಣ ಡಿ 100. ಇವೆರಡೂ ಒಂದೇ ಅಕ್ಷರದ ಎರಡು ರೂಪ ಅನ್ನೋದು ಅದಕ್ಕೆ ಗೊತ್ತಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಯಾವ ಸಣ್ಣಕ್ಷರಕ್ಕೆ ಯಾವ ದೊಡ್ಡಕ್ಷರ ಜೋಡಿ ಅನ್ನುವ ಪಟ್ಟಿಯೇ ಒಂದಿರುತ್ತೆ. ಹುಡುಕುವಾಗ ಎರಡೂ ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸಿಕೊಂಡು ಹೋಲಿಸುತ್ತೆ. ಹೆಸರನ್ನು ಮಾತ್ರ ನೀವು ಬರೆದ ಹಾಗೇ ಇಟ್ಟುಕೊಳ್ಳುತ್ತೆ. ಮ್ಯಾಕ್‌ನ ಎಪಿಎಫ್‌ಎಸ್ ಕೂಡ ಡೀಫಾಲ್ಟ್ ಆಗಿ ಹೀಗೇ. ಅಂದರೆ ನಿಮ್ಮ ಕೋಡ್‌ನಲ್ಲಿ ತಪ್ಪು ಮೊದಲ ದಿನದಿಂದಲೂ ಇತ್ತು, ವಿಂಡೋಸ್ ಅದನ್ನು ಮುಚ್ಚಿಕೊಂಡು ಬಂದಿತ್ತು.

ಎರರ್ ಸಂದೇಶ ಫೈಲ್‌ನ ಪೂರ್ತಿ ದಾರಿಯನ್ನು (ಪಾತ್) ಅಚ್ಚು ಹಾಕುತ್ತೆ, ಆ ದಾರಿಯ ಯಾವ ತುಂಡಿನಲ್ಲಿ ಎಡವಿತು ಅಂತ ಹೇಳುವುದಿಲ್ಲ. ಎಲ್ಲರೂ ಕೊನೆಯ ತುಂಡನ್ನೇ, ಅಂದರೆ ಫೈಲ್ ಹೆಸರನ್ನೇ, ಹತ್ತು ಸಲ ನೋಡುತ್ತಾರೆ. ನೀವೂ ಅದನ್ನೇ ಮಾಡಿದ್ದೀರಿ. ಮೇಲಿಂದ ಒಂದೊಂದೇ ತುಂಡು ಇಳಿಯುತ್ತಾ ನೋಡಬೇಕು:

1. ದಾರಿಯನ್ನು ಓರೆಗೆರೆಯಲ್ಲಿ ಕತ್ತರಿಸಿ. ಖಂಡಿತ ಇದೆ ಅಂತ ಗೊತ್ತಿರುವ ಮೌಂಟ್ ಫೋಲ್ಡರ್‌ನಿಂದ ಶುರು ಮಾಡಿ.
2. ಆ ಮಟ್ಟದಲ್ಲಿ ಲಿಸ್ಟ್‌ಡಿರ್ (ಫೋಲ್ಡರ್‌ನಲ್ಲಿರುವ ಹೆಸರುಗಳ ಪಟ್ಟಿ ಕೊಡುವ ಪೈಥಾನ್ ಫಂಕ್ಷನ್) ಮಾಡಿ, ಮುಂದಿನ ತುಂಡು ಪಟ್ಟಿಯಲ್ಲಿ ಅಕ್ಷರಶಃ ಇದೆಯಾ ನೋಡಿ. ಇದ್ದರೆ ಒಳಗೆ ಇಳಿಯಿರಿ.
3. ಇಲ್ಲದಿದ್ದರೆ ಬೇಕಾದ ಹೆಸರಿಗೂ ಪಟ್ಟಿಯ ಪ್ರತಿ ಹೆಸರಿಗೂ ಕೇಸ್‌ಫೋಲ್ಡ್ (ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಅಳಿಸುವ ಫಂಕ್ಷನ್) ಹಾಕಿ ಮತ್ತೆ ಹೋಲಿಸಿ.

ಮೂರನೇ ಹಂತದಲ್ಲಿ ಒಂದೇ ಹೆಸರು ಸಿಕ್ಕರೆ ಅಕ್ಷರದ ಗಾತ್ರದ್ದೇ ತೊಂದರೆ, ಆ ಹೆಸರನ್ನು ಕೋಡ್‌ಗೆ ನಕಲು ಮಾಡಿಕೊಳ್ಳಿ. ಎರಡು ಸಿಕ್ಕರೆ ಡ್ರೈವ್‌ನಲ್ಲಿ ದೊಡ್ಡಕ್ಷರದ್ದೊಂದು, ಸಣ್ಣಕ್ಷರದ್ದೊಂದು ಎರಡು ಫೋಲ್ಡರ್ ಆಗಿಬಿಟ್ಟಿವೆ. ಯಾವುದರಲ್ಲಿ ಹೊಸ ಫೈಲ್ ಇದೆ ಅಂತ ತೆರೆದು ನೋಡುವವರೆಗೂ ಏನನ್ನೂ ಅಳಿಸಬೇಡಿ. ಒಂದೂ ಸಿಗದಿದ್ದರೆ ಅಕ್ಷರದ ಗಾತ್ರ ಬಿಟ್ಟು ಬೇರೆ ಕಡೆ ನೋಡಿ: ಹೆಸರಿನ ಕೊನೆಗೆ ಒಂದು ಸ್ಪೇಸ್, ಅಥವಾ ಎಕ್ಸ್‌ಟೆನ್ಷನ್ ಎರಡು ಸಲ ಬಿದ್ದಿರೋದು. ವಿಂಡೋಸ್ ಎಕ್ಸ್‌ಟೆನ್ಷನ್ ಅನ್ನು ಬಚ್ಚಿಡುವುದರಿಂದ ರೀನೇಮ್ ಮಾಡುವಾಗ ಚುಕ್ಕೆ ಸಿಎಸ್‌ವಿ ಅಂತ ಇನ್ನೊಂದು ಸಲ ಸೇರಿಸಿಬಿಟ್ಟರೆ ಅಲ್ಲಿ ಗೊತ್ತೇ ಆಗಲ್ಲ. ಹೆಸರನ್ನು ಪ್ರಿಂಟ್ ಮಾಡುವಾಗ ರೆಪ್ರ್ ಫಂಕ್ಷನ್ ಹಾಕಿ ಮಾಡಿ, ಉದ್ಧರಣ ಚಿಹ್ನೆಯ ಒಳಗೆ ಕೊನೆಯ ಸ್ಪೇಸ್ ಕಾಣುತ್ತೆ.

ಕೊಲ್ಯಾಬ್ (ಗೂಗಲ್‌ನ ಆನ್‌ಲೈನ್ ನೋಟ್‌ಬುಕ್) ಬಳಸುವವರಿಗೆ ಇನ್ನೊಂದು: ಮೌಂಟ್ ದಾರಿಯ "ಮೈಡ್ರೈವ್" ತುಂಡಿನಲ್ಲಿ ಎಂ ಮತ್ತು ಡಿ ಎರಡೂ ದೊಡ್ಡವು, ನಡುವೆ ಜಾಗ ಇಲ್ಲ. ಕೈಯಾರೆ ಟೈಪ್ ಮಾಡುವ ಬದಲು ಎಡ ಪ್ಯಾನೆಲ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪಾತ್ ಕಾಪಿ ಮಾಡಿ. ಬ್ರೌಸರ್‌ನಿಂದ ಈಗಷ್ಟೇ ಏರಿಸಿದ ಫೈಲ್ ಪಟ್ಟಿಯಲ್ಲೇ ಇಲ್ಲ ಅಂದರೆ ಮೌಂಟ್ ಹಳೆಯ ಪಟ್ಟಿಯನ್ನು ಹಿಡಿದುಕೊಂಡಿರಬಹುದು. ಫೋರ್ಸ್ ರೀಮೌಂಟ್ ಟ್ರೂ ಕೊಟ್ಟು ಮತ್ತೆ ಮೌಂಟ್ ಮಾಡಿ, ಆಮೇಲೆ ಹುಡುಕಿ.

ಈಗ ಎರಡನೆಯದು. ನನ್ನ ಪ್ರಕಾರ ಇದೇ ಹೆಚ್ಚು ಅಪಾಯದ್ದು, ಯಾಕೆಂದರೆ ಸದ್ದಿಲ್ಲದೆ ತಪ್ಪುತ್ತೆ. ಗ್ಲಾಬ್‌ಗೆ ಸಣ್ಣಕ್ಷರದ ಜೆಪಿಜಿ ಕೊಟ್ಟರೆ ಲಿನಕ್ಸ್‌ನಲ್ಲಿ ಸಣ್ಣಕ್ಷರದವು ಮಾತ್ರ ಬರುತ್ತವೆ. ಎಷ್ಟೋ ಕ್ಯಾಮೆರಾಗಳು ಎಕ್ಸ್‌ಟೆನ್ಷನ್ ಅನ್ನು ಮೂರೂ ದೊಡ್ಡಕ್ಷರದಲ್ಲಿ ಬರೆಯುತ್ತವೆ. ವಿಂಡೋಸ್‌ನಲ್ಲಿ ಗ್ಲಾಬ್ ಎರಡನ್ನೂ ಒಂದೇ ಅಂತ ಎತ್ತಿಕೊಡುತ್ತಿತ್ತು. ಪೈಥಾನ್ 3.12ರಿಂದ ಪಾತ್‌ಲಿಬ್‌ನ ಗ್ಲಾಬ್‌ಗೆ ಕೇಸ್ ಸೆನ್ಸಿಟಿವ್ ಅನ್ನುವ ಆಯ್ಕೆ ಬಂದಿದೆ, ಫಾಲ್ಸ್ ಕೊಡಿ. ಹಳೆಯ ಆವೃತ್ತಿಯಾದರೆ ಫೋಲ್ಡರ್‌ನ ಎಲ್ಲ ಫೈಲ್‌ಗಳನ್ನೂ ತೆಗೆದುಕೊಂಡು, ಸಫಿಕ್ಸ್ (ಎಕ್ಸ್‌ಟೆನ್ಷನ್) ಅನ್ನು ಲೋಯರ್ ಮಾಡಿ (ಸಣ್ಣಕ್ಷರಕ್ಕೆ ತಿರುಗಿಸಿ) ಸೋಸಿ. ನಾನಾದರೆ ಎಲ್ಲ ಆವೃತ್ತಿಗೂ ಈ ಎರಡನೆಯದನ್ನೇ ಬರೆಯುತ್ತೇನೆ.

ಒಂದು ಹಳ್ಳ: ಓಎಸ್ ಪಾತ್‌ನ ನಾರ್ಮ್‌ಕೇಸ್ ಬಳಸಿ ಅಂತ ಅಲ್ಲಲ್ಲಿ ಸಲಹೆ ಕಾಣುತ್ತೆ. ಅದು ವಿಂಡೋಸ್‌ನಲ್ಲಿ ಮಾತ್ರ ಹೆಸರನ್ನು ಸಣ್ಣಕ್ಷರ ಮಾಡುತ್ತೆ. ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಕೊಟ್ಟದ್ದನ್ನು ಹಾಗೇ ವಾಪಸ್ ಕೊಡುತ್ತೆ. ನಿಮಗೆ ಬೇಕಾದ ಕಡೆಯೇ ಅದು ಕೆಲಸ ಮಾಡಲ್ಲ.

---

ಸಿಂಕ್‌ಸಂಗಾತಿ

ಮೂರನೆಯದಕ್ಕೆ ಉತ್ತರ. ಲ್ಯಾಪ್‌ಟಾಪ್‌ನಲ್ಲಿ ಕೂತಿರುವ ಕೆಲವು ಸಿಂಕ್ ತಂತ್ರಾಂಶಗಳು ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹೋಲಿಸಿ "ಒಂದೇ ತಾನೆ" ಅಂತ ಕೈಬಿಡುತ್ತವೆ. ಮದ್ದು ಹಳೆಯದೇ, ಎರಡು ಹೆಜ್ಜೆಯ ರೀನೇಮ್. ಮೊದಲು ಪೂರ್ತಿ ಬೇರೆ ಹೆಸರು ಕೊಡಿ, ಉದಾಹರಣೆಗೆ ಕೊನೆಗೆ ಒಂದು ಅಂಡರ್‌ಸ್ಕೋರ್ ಮತ್ತು 1 ಸೇರಿಸಿ. ಸಿಂಕ್ ಮುಗಿಯಿತು ಅನ್ನುವ ಗುರುತು ಬರುವ ತನಕ ಕಾಯಿರಿ, ಬ್ರೌಸರ್‌ನಲ್ಲಿ ಹೊಸ ಹೆಸರು ಕಂಡಿದೆಯಾ ನೋಡಿ. ಆಮೇಲೆ ನಿಮಗೆ ಬೇಕಾದ ಸಣ್ಣಕ್ಷರದ ಹೆಸರು ಕೊಡಿ. ನಡುವೆ ಕಾಯದೆ ಎರಡನ್ನೂ ಒಟ್ಟಿಗೆ ಮಾಡಿದರೆ ಸಿಂಕ್ ಕಣ್ಣಿಗೆ ಬೀಳೋದು ಶುರು ಮತ್ತು ಕೊನೆ ಮಾತ್ರ, ಮತ್ತೆ ಅಲ್ಲಿಗೇ ಬರುತ್ತೀರಿ. ಇದಕ್ಕಿಂತ ಸುಲಭ: ಬ್ರೌಸರ್‌ನಲ್ಲೇ ಫೋಲ್ಡರ್ ರೀನೇಮ್ ಮಾಡಿ, ಲ್ಯಾಪ್‌ಟಾಪ್‌ಗೆ ತಾನಾಗಿ ಇಳಿಯಲಿ.

ಕ್ಲೌಡ್ ಡ್ರೈವ್ ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬಾರದು, ಒಂದೊಂದರ ರೀತಿ ಒಂದೊಂದು.

ಗೂಗಲ್ ಡ್ರೈವ್‌ನಲ್ಲಿ ಫೈಲ್‌ನ ಗುರುತು ಅದರ ಐಡಿ. ಹೆಸರು ಬರೀ ಚೀಟಿ. ಒಂದೇ ಫೋಲ್ಡರ್‌ನಲ್ಲಿ ಅಕ್ಷರ ಅಕ್ಷರಕ್ಕೂ ಒಂದೇ ಹೆಸರಿನ ಎರಡು ಫೈಲ್ ಕೂಡ ಇರಬಹುದು, ಇನ್ನು ಅಕ್ಷರದ ಗಾತ್ರ ಬೇರೆ ಇರುವ ಹೆಸರುಗಳ ಮಾತು ಬಿಡಿ. ಕೋಡ್‌ನಿಂದ ಎಪಿಐ (ಪ್ರೋಗ್ರಾಂಗಳು ಸೇವೆಯ ಜೊತೆ ಮಾತಾಡುವ ದಾರಿ) ಮೂಲಕ ತೆರೆಯುವುದಾದರೆ ಹೆಸರನ್ನು ಒಂದು ಸಲ ಹುಡುಕಿ, ಸಿಕ್ಕ ಐಡಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಯಾರು ಏನು ರೀನೇಮ್ ಮಾಡಿದರೂ ಕೋಡ್ ಕೆಡಲ್ಲ.

ಒನ್‌ಡ್ರೈವ್ ಮತ್ತು ಡ್ರಾಪ್‌ಬಾಕ್ಸ್ ಎರಡೂ ಅಕ್ಷರದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ, ಆದರೆ ಬರೆದ ಹಾಗೇ ತೋರಿಸುತ್ತವೆ. ಡ್ರಾಪ್‌ಬಾಕ್ಸ್ ಎಪಿಐ ಪ್ರತಿ ಫೈಲ್‌ಗೂ ಎರಡು ದಾರಿ ಕೊಡುತ್ತೆ, ಪಾತ್ ಲೋಯರ್ ಅಂತ ಒಂದು, ಪಾತ್ ಡಿಸ್‌ಪ್ಲೇ ಅಂತ ಇನ್ನೊಂದು. ಹೋಲಿಸುವುದಕ್ಕೆ ಲೋಯರ್, ತೋರಿಸುವುದಕ್ಕೆ ಡಿಸ್‌ಪ್ಲೇ. ಲಿನಕ್ಸ್ ಯಂತ್ರದಲ್ಲಿ ಹೆಸರಿನ ಅಕ್ಷರದ ಗಾತ್ರ ಮಾತ್ರ ಬೇರೆ ಇರುವ ಎರಡು ಫೈಲನ್ನು ಡ್ರಾಪ್‌ಬಾಕ್ಸ್ ಫೋಲ್ಡರ್‌ಗೆ ಹಾಕಿದರೆ ಒಂದರ ಹೆಸರಿಗೆ "ಕೇಸ್ ಕಾನ್ಫ್ಲಿಕ್ಟ್" ಅನ್ನುವ ಬಾಲ ಅಂಟುತ್ತೆ. ಅಂಥ ಬಾಲ ಕಂಡರೆ ಮೂಲ ಫೋಲ್ಡರ್‌ನಲ್ಲಿ ಜೋಡಿ ಇದೆ ಅಂತ ಅರ್ಥ.

ಅಮೆಜಾನ್‌ನ ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಸಾಮಾನ್ಯವಾಗಿ ನಿಜವಾದ ಫೋಲ್ಡರೇ ಇಲ್ಲ. ಪೂರ್ತಿ ದಾರಿ ಒಂದು ಕೀ, ಅದರಲ್ಲಿ ಪ್ರತಿ ಅಕ್ಷರದ ಗಾತ್ರವೂ ಲೆಕ್ಕಕ್ಕೆ ಬರುತ್ತೆ. ಅಲ್ಲಿ ಸಾಮಾನ್ಯವಾಗಿ "ರೀನೇಮ್" ಅಂದರೆ ಹೊಸ ಕೀಗೆ ನಕಲು ಮಾಡಿ ಹಳೆಯದನ್ನು ಅಳಿಸುವುದು. ಒಂದು ಫೋಲ್ಡರ್‌ನ ಮೊದಲಕ್ಷರ ಬದಲಿಸಬೇಕು ಅಂದರೆ ಅದರೊಳಗಿನ ಪ್ರತಿ ಆಬ್ಜೆಕ್ಟ್‌ಗೂ ಇದನ್ನು ಮಾಡಬೇಕು. ಹಾಗಾಗಿ ಅಲ್ಲಿಗೆ ಏರಿಸುವ ಮುಂಚೆಯೇ ಹೆಸರು ಸರಿ ಮಾಡಿಕೊಳ್ಳಿ.

ಆರ್‌ಕ್ಲೋನ್‌ನಲ್ಲಿ (ಕ್ಲೌಡ್‌ಗಳ ನಡುವೆ ಫೈಲ್ ಸಾಗಿಸುವ ತಂತ್ರಾಂಶ) ಸಾಗಿಸುವವರು ಇಗ್ನೋರ್ ಕೇಸ್ ಸಿಂಕ್ ಆಯ್ಕೆ ಹಾಕಿದರೆ ಅಕ್ಷರದ ಗಾತ್ರ ಬೇರೆ ಇದ್ದರೂ ಒಂದೇ ಫೈಲ್ ಅಂತ ಹೋಲಿಸುತ್ತೆ. ಮೌಂಟ್ ಮಾಡುವುದಾದರೆ ವಿಎಫ್‌ಎಸ್ ಕೇಸ್ ಇನ್‌ಸೆನ್ಸಿಟಿವ್ ಅಂತ ಬೇರೆ ಆಯ್ಕೆ ಇದೆ. ಗೂಗಲ್ ಡ್ರೈವ್‌ನಲ್ಲಿ ಒಂದೇ ಹೆಸರಿನ ಪ್ರತಿಗಳು ತುಂಬಿದ್ದರೆ ಡೀಡ್ಯೂಪ್ ಕಮಾಂಡ್. ಡ್ರೈ ರನ್ (ಏನಾಗುತ್ತೆ ಅಂತ ತೋರಿಸಿ, ನಿಜವಾಗಿ ಏನನ್ನೂ ಬದಲಿಸದ ಆಯ್ಕೆ) ಹಾಕದೆ ಅದನ್ನು ಮುಟ್ಟಬೇಡಿ.

ವಿಂಡೋಸ್ 10ರ 1803 ಆವೃತ್ತಿಯಿಂದ ಎಫ್‌ಎಸ್‌ಯುಟಿಲ್ ಕಮಾಂಡ್ ಬಳಸಿ ಒಂದೊಂದು ಫೋಲ್ಡರ್‌ಗೆ ಬೇಕಾದರೆ ಅಕ್ಷರದ ಗಾತ್ರ ಗಮನಿಸುವ ಗುಣ ಕೊಡಬಹುದು. ತಪ್ಪನ್ನು ಏರಿಸುವ ಮುಂಚೆಯೇ ಹಿಡಿಯಲು ಒಳ್ಳೆಯ ಉಪಾಯ: ಖಾಲಿ ಫೋಲ್ಡರ್ ಮಾಡಿ, ಆ ಗುಣ ಕೊಟ್ಟು, ಆಮೇಲೆ ಫೈಲ್‌ಗಳನ್ನು ಒಳಗೆ ನಕಲು ಮಾಡಿ ಸ್ಕ್ರಿಪ್ಟ್ ಓಡಿಸಿ. ಆದರೆ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇದನ್ನು ಆನ್ ಮಾಡಬೇಡಿ. ಅಲ್ಲಿ ನೀವು ಎರಡು ಹೆಸರು ಇಟ್ಟುಕೊಳ್ಳಬಹುದು, ಆಚೆ ಕಡೆ ಒನ್‌ಡ್ರೈವ್ ಒಂದನ್ನೇ ಇಟ್ಟುಕೊಳ್ಳಬಲ್ಲದು.

---

ಖಾಲಿಫೋಲ್ಡರ್

ಇಬ್ಬರಿಗೂ ಧನ್ಯವಾದ. ಫೋಲ್ಡರ್‌ನದ್ದೇ ತಪ್ಪು, ಬ್ರೌಸರ್‌ನಲ್ಲಿ ರೀನೇಮ್ ಮಾಡಿದ ಮೇಲೆ ಸಿಎಸ್‌ವಿ ತೆರೆಯಿತು. ಸಫಿಕ್ಸ್ ಲೋಯರ್ ಮಾಡಿ ಸೋಸಿದರೆ 637 ಚಿತ್ರ ಬಂದವು. ಇನ್ನೂ 3 ಎಲ್ಲಿ?

ಇನ್ನೊಂದು ವಿಚಿತ್ರ. ಕನ್ನಡದಲ್ಲೇ ಹೆಸರಿಟ್ಟ ಒಂದು ಫೈಲ್ ಇದೆ, "ಕೋಷ್ಟಕ" ಅಂತ. ಇದಕ್ಕೆ ದೊಡ್ಡಕ್ಷರ, ಸಣ್ಣಕ್ಷರದ ಕಾಟವೇ ಇಲ್ಲವಲ್ಲ, ಆದರೂ "ಇಲ್ಲ" ಅನ್ನುತ್ತೆ. ಲಿಸ್ಟ್‌ಡಿರ್‌ನಲ್ಲಿ ಬರುತ್ತೆ, ಪ್ರಿಂಟ್ ಮಾಡಿದರೆ ನಾನು ಟೈಪ್ ಮಾಡಿದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣಲ್ಲ. ಕೇಸ್‌ಫೋಲ್ಡ್ ಹಾಕಿದರೂ ಹೊಂದಲ್ಲ. ಆ ಫೈಲ್ ಬಂದದ್ದು ಹಳೇ ಮ್ಯಾಕ್ ಒಂದರ ಡಿಸ್ಕ್‌ನಿಂದ.

---

ಲಿಪಿಗಾರ

ಹಳೇ ಮ್ಯಾಕ್ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಎರಡು ಹೆಸರಿಗೂ ಲೆನ್ (ಉದ್ದ ಎಣಿಸುವ ಫಂಕ್ಷನ್) ಹಾಕಿ ನೋಡಿ, ಎಕ್ಸ್‌ಟೆನ್ಷನ್ ಬಿಟ್ಟು. ನೀವು ಟೈಪ್ ಮಾಡಿದ್ದು 6 ಬರಬೇಕು, ಡಿಸ್ಕ್‌ನಿಂದ ಬಂದದ್ದು 8.

ಯಾಕೆ ಅಂದರೆ, ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಪದ್ಧತಿ) "ಕೋ"ದ ಓ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ಇಡಿಯಾಗಿ ಒಂದೇ ಸಂಕೇತ, 0ಸಿಸಿಬಿ. ಇಲ್ಲವೇ ಬಿಡಿಸಿ ಮೂರು: ಎತ್ವದ 0ಸಿಸಿ6, ಊಕಾರದ ಕೊಂಬು 0ಸಿಸಿ2, ದೀರ್ಘದ ಚಿಹ್ನೆ 0ಸಿಡಿ5. ಕೈಬರಹದಲ್ಲಿ ನಾವು ತಲೆಕಟ್ಟಿಗೆ ಎತ್ವ ಎಳೆದು, ಕೊಂಬು ಕೊಟ್ಟು, ದೀರ್ಘ ಹಾಕುವ ಹಾಗೆಯೇ. ಪರದೆಯ ಮೇಲೆ ಎರಡೂ ಒಂದೇ ಅಚ್ಚು. ಬೈಟು ಲೆಕ್ಕಕ್ಕೆ ಬಂದರೆ ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ 3 ಬೈಟ್. ಒಂದು ಹೆಸರು 18, ಇನ್ನೊಂದು 24. ಲಿನಕ್ಸ್‌ಗೆ ಇವು ಎರಡು ಬೇರೆ ಬೇರೆ ಹೆಸರು. ಮೇಲೆ ಹೇಳಿದ 68, 100ರ ಕಥೆಯೇ, ವೇಷ ಬೇರೆ.

ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಪ್ರತಿ ಹೆಸರನ್ನೂ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೇ ಇಡುತ್ತೆ, ಹುಡುಕುವಾಗ ಮಾತ್ರ ಎರಡನ್ನೂ ಒಂದು ಮಾಡಿ ನೋಡುತ್ತೆ. ಹಳೆಯ ಡಿಸ್ಕ್‌ನಿಂದ ನಕಲಾದ ಫೈಲ್ ಆ ಬಿಡಿಸಿದ ಹೆಸರನ್ನು ಹೊತ್ತುಕೊಂಡೇ ಕ್ಲೌಡ್‌ಗೂ ಹೋಗುತ್ತೆ. ಒಡೆಯುವ ಚಿಹ್ನೆಗಳು ಕನ್ನಡದಲ್ಲಿ ಐದು: ಕೀ, ಕೇ, ಕೈ, ಕೊ, ಕೋ. ಕಾ, ಕಿ, ಕು, ಕೂ, ಕೆ, ಕೌ ಒಡೆಯುವುದಿಲ್ಲ. ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ "ಪಟ್ಟಿ" ತೆರೆದು "ಕೋಷ್ಟಕ" ತೆರೆಯದೆ ಹೋಗೋದು.

ಪರಿಹಾರ: ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್ ಅನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ ಚಿಹ್ನೆಗಳನ್ನು ಕೂಡಿಸಿ ಇಡಿಯಾಗಿಸಿದ ರೂಪ) ಎರಡೂ ಕಡೆ ಹಾಕಿ, ಆಮೇಲೆ ಹೋಲಿಸಿ. ಸಿಕ್ಕ ಮೇಲೆ ಫೈಲನ್ನೇ ಎನ್‌ಎಫ್‌ಸಿ ಹೆಸರಿಗೆ ರೀನೇಮ್ ಮಾಡಿಬಿಡಿ. ಗಮನಿಸಿ, ರೀನೇಮ್‌ಗೆ ಮುಂಚೆ ತೆರೆಯುವುದಾದರೆ ಪಟ್ಟಿಯಿಂದ ಬಂದ ಮೂಲ ಹೆಸರನ್ನೇ ಕೊಡಬೇಕು, ನೀವು ನಾರ್ಮಲೈಜ್ ಮಾಡಿದ್ದನ್ನಲ್ಲ. ಆ ಹೆಸರಿನ ಫೈಲ್ ಡಿಸ್ಕ್‌ನಲ್ಲಿ ಇನ್ನೂ ಹುಟ್ಟಿಲ್ಲ.

ಎನ್‌ಎಫ್‌ಸಿ ಹಾಕಿದರೂ ಹೊಂದದಿದ್ದರೆ ಶೂನ್ಯ ಅಗಲದ ಸಂಕೇತಗಳನ್ನು ಅನುಮಾನಿಸಿ. ಅರ್ಧಾಕ್ಷರಕ್ಕೆ ಮುಂದಿನ ಅಕ್ಷರ ಒತ್ತಾಗಿ ಅಂಟದಿರಲಿ ಅಂತ ಹಾಕುವ 200ಸಿ ಸಂಕೇತ ಇದೆಯಲ್ಲ, ಅದು "ಮಾರ್ಚ್" ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೂ ಕೂತಿರಬಹುದು. ಮುಂದೆ ಚುಕ್ಕೆ ಬರುವುದರಿಂದ ಇದ್ದರೂ ಇಲ್ಲದಿದ್ದರೂ ಒಂದೇ ಥರ ಕಾಣುತ್ತೆ. ನಾರ್ಮಲೈಜ್ ಇದನ್ನು ತೆಗೆಯುವುದಿಲ್ಲ, ನೀವೇ ರಿಪ್ಲೇಸ್ ಮಾಡಬೇಕು. ರೆಪ್ರ್ ಇಲ್ಲಿ ಸಾಲದು, ಅದು ಕನ್ನಡ ಅಕ್ಷರಗಳನ್ನು ಹಾಗೇ ತೋರಿಸುತ್ತೆ; ಬಿಡಿಸಿದ ಚಿಹ್ನೆ ಕಾಣಬೇಕಾದರೆ ಆಸ್ಕಿ ಫಂಕ್ಷನ್ ಹಾಕಿ, ಒಂದೊಂದು ಸಂಕೇತದ ಸಂಖ್ಯೆಯೂ ಹೊರಗೆ ಬರುತ್ತೆ.

---

ಬೈಟುಬೈಟು

ಆ 3 ಚಿತ್ರಗಳು ಜೆಪಿಇಜಿ ಇರಬೇಕು, ನಡುವೆ ಇ ಇರುವ ನಾಲ್ಕಕ್ಷರದ ಎಕ್ಸ್‌ಟೆನ್ಷನ್. ಸೋಸುವಾಗ ಎರಡನ್ನೂ ಕೊಡಿ. ಖಚಿತವಾಗಬೇಕಾದರೆ ಫೋಲ್ಡರ್‌ನ ಎಲ್ಲ ಸಫಿಕ್ಸ್‌ಗಳನ್ನು ಕೌಂಟರ್‌ಗೆ (ಪೈಥಾನ್‌ನ ಎಣಿಕೆ ಸಾಧನ) ಹಾಕಿ ಪ್ರಿಂಟ್ ಮಾಡಿ. ಯಾವುದು ಎಷ್ಟಿದೆ ಅಂತ ಒಂದೇ ಸಾಲಿನಲ್ಲಿ ಬರುತ್ತೆ. ಈ ಕೆಲಸ ಶುರುವಿಗೇ ಮಾಡಬೇಕಿತ್ತು, ನಾನು ಹೇಳೋದು ಮರೆತೆ.

---

ಒಂದೇಹೆಸರು

ಎಲ್ಲರೂ ಹುಡುಕುವ ಕೋಡ್ ಅನ್ನು ಮೆತ್ತಗೆ ಮಾಡುವ ದಾರಿ ಹೇಳುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ತೊಂದರೆ ಪತ್ತೆ ಮಾಡಲು ಅದು ಸರಿ, ಆದರೆ ಶಾಶ್ವತವಾಗಿ ಸ್ಕ್ರಿಪ್ಟ್‌ನಲ್ಲಿ ಬಿಟ್ಟರೆ ಮುಂದೊಂದು ದಿನ ಜೋಡಿ ಹೆಸರು ಬಂದಾಗ ಯಾವುದೋ ಒಂದನ್ನು ತೆರೆದು ಸುಮ್ಮನಾಗುತ್ತೆ. ಹೆಸರನ್ನೇ ಒಂದು ಸಲ ಸರಿ ಮಾಡಿ, ಕೋಡ್ ಕಟ್ಟುನಿಟ್ಟಾಗಿರಲಿ.

ಫೈಲ್‌ಗಳನ್ನೆಲ್ಲ ಸಣ್ಣಕ್ಷರಕ್ಕೆ ತರುವುದಾದರೆ ಎರಡು ವಿಷಯ.

ಲಿನಕ್ಸ್‌ನಲ್ಲಿ ಪೈಥಾನ್‌ನ ರೀನೇಮ್, ಹೊಸ ಹೆಸರಿನಲ್ಲಿ ಆಗಲೇ ಫೈಲ್ ಇದ್ದರೆ ಕೇಳದೆ ಅದರ ಮೇಲೆ ಬರೆದುಬಿಡುತ್ತೆ. ವಿಂಡೋಸ್‌ನಲ್ಲಿ ಎರರ್ ಕೊಟ್ಟು ನಿಲ್ಲುತ್ತೆ. ಹಾಗಾಗಿ ಮೊದಲು ಎಲ್ಲ ಹೆಸರುಗಳನ್ನು ಎನ್‌ಎಫ್‌ಸಿ ಮಾಡಿ, ಕೇಸ್‌ಫೋಲ್ಡ್ ಮಾಡಿ ಗುಂಪು ಕಟ್ಟಿ. ಯಾವ ಗುಂಪಿನಲ್ಲಾದರೂ ಒಂದಕ್ಕಿಂತ ಹೆಚ್ಚು ಫೈಲ್ ಇದ್ದರೆ ಅವನ್ನು ಕೈಯಾರೆ ತೆರೆದು ನೋಡಿ ಬೇರೆ ಹೆಸರು ಕೊಡಿ, ಉಳಿದವನ್ನು ಸ್ಕ್ರಿಪ್ಟ್‌ಗೆ ಬಿಡಿ. ಶೆಲ್‌ನಲ್ಲಿ ಎಂವಿ ಬಳಸಿದರೆ ಎನ್ ಆಯ್ಕೆ ಹಾಕಿ, ಮೇಲೆ ಬರೆಯಲ್ಲ. ಒಳಗಿನ ಫೋಲ್ಡರ್‌ಗಳಿಂದ ಶುರು ಮಾಡಿ ಹೊರಗೆ ಬನ್ನಿ. ಹೊರಗಿನದನ್ನು ಮೊದಲು ಬದಲಿಸಿದರೆ ನೀವು ಪಟ್ಟಿ ಮಾಡಿಕೊಂಡ ಒಳಗಿನ ದಾರಿಗಳೆಲ್ಲ ಸುಳ್ಳಾಗುತ್ತವೆ.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ನಿಮ್ಮ ಸಿಎಸ್‌ವಿಯಲ್ಲಿ ಚಿತ್ರದ ಹೆಸರಿನ ಕಾಲಂ ಇದ್ದರೆ ಅದರಲ್ಲೂ ಹಳೆಯ ದೊಡ್ಡಕ್ಷರಗಳೇ ಇರುತ್ತವೆ. ಫೈಲ್ ಬದಲಿಸಿ ಕಾಲಂ ಬಿಟ್ಟರೆ ಜೋಡಣೆ ತಪ್ಪುತ್ತೆ, ಅದೂ ಕೆಲವು ಸಾಲಿಗೆ ಮಾತ್ರ. ರೀನೇಮ್ ಮಾಡುವಾಗಲೇ ಹಳೆಯ ಹೆಸರು, ಹೊಸ ಹೆಸರಿನ ಎರಡು ಕಾಲಂನ ಪಟ್ಟಿ ಬರೆದಿಡಿ. ಆ ಪಟ್ಟಿಯಿಂದಲೇ ಸಿಎಸ್‌ವಿ ತಿದ್ದಿ. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಲೂ ಅದೇ ಪಟ್ಟಿ ಬೇಕು. ತಿದ್ದಿದ ಮೇಲೆ ಕಾಲಂನ ಹೆಸರುಗಳ ಗಣ (ಸೆಟ್), ಲಿಸ್ಟ್‌ಡಿರ್‌ನ ಗಣ ಎರಡನ್ನೂ ಒಂದರಿಂದ ಇನ್ನೊಂದು ಕಳೆದು ನೋಡಿ. ಎರಡೂ ದಿಕ್ಕಿನಲ್ಲಿ ಖಾಲಿ ಬರಬೇಕು.

ಸ್ಕ್ರಿಪ್ಟ್ ಗಿಟ್‌ನಲ್ಲಿದ್ದರೆ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಅಲ್ಲೂ ಇದೇ ಗೋಳು. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಗಿಟ್ ತಾನಾಗಿಯೇ ಇಗ್ನೋರ್‌ಕೇಸ್ ಅನ್ನು ಟ್ರೂ ಮಾಡಿಕೊಂಡಿರುತ್ತೆ, ಎಕ್ಸ್‌ಪ್ಲೋರರ್‌ನಲ್ಲಿ ಅಕ್ಷರದ ಗಾತ್ರ ಬದಲಿಸಿದ್ದು ಅದಕ್ಕೆ ಬದಲಾವಣೆಯೇ ಅಲ್ಲ. ಗಿಟ್ ಎಂವಿ ಬಳಸಿ. ಫೋಲ್ಡರ್ ಆದರೆ ಅದೂ ಒಂದೇ ಏಟಿಗೆ ಒಪ್ಪದಿರಬಹುದು, ಮೇಲಿನ ಹಾಗೆ ಎರಡು ಹೆಜ್ಜೆ. ಇಗ್ನೋರ್‌ಕೇಸ್ ಅನ್ನು ಫಾಲ್ಸ್ ಮಾಡಿ ಅಂತ ಯಾರಾದರೂ ಹೇಳಿದರೆ ವಿಂಡೋಸ್‌ನಲ್ಲಿ ಮಾಡಬೇಡಿ, ಒಂದೇ ಫೈಲ್ ಎರಡು ಹೆಸರಲ್ಲಿ ಇಂಡೆಕ್ಸ್‌ಗೆ (ಗಿಟ್ ಇಟ್ಟುಕೊಳ್ಳುವ ಫೈಲ್ ಪಟ್ಟಿ) ಸೇರಿಕೊಳ್ಳಬಹುದು. ಗಿಟ್ ಒಳಗೆ ಈಗ ಯಾವ ಹೆಸರಿದೆ ಅಂತ ನೋಡಲು ಗಿಟ್ ಎಲ್‌ಎಸ್ ಫೈಲ್ಸ್. ಎಕ್ಸ್‌ಪ್ಲೋರರ್ ತೋರಿಸುವುದನ್ನು ನಂಬಬೇಡಿ.

---

ಖಾಲಿಫೋಲ್ಡರ್

ಕೌಂಟರ್ ಹಾಕಿದೆ: ಸಣ್ಣಕ್ಷರದ ಜೆಪಿಜಿ 418, ದೊಡ್ಡಕ್ಷರದ್ದು 219, ಜೆಪಿಇಜಿ 3. ಲೆನ್ ಕೂಡ ಸರಿಯಾಗಿ 6 ಮತ್ತು 8 ಬಂತು. ಸಿಎಸ್‌ವಿಯಲ್ಲಿ ಚಿತ್ರದ ಹೆಸರಿನ ಕಾಲಂ ಇದೆ, ಅದನ್ನು ಯೋಚಿಸಿಯೇ ಇರಲಿಲ್ಲ. ಹಳೆ ಹೆಸರು, ಹೊಸ ಹೆಸರಿನ ಪಟ್ಟಿ ಮಾಡಿಕೊಂಡು ರೀನೇಮ್‌ಗೆ ಕೈ ಹಾಕುತ್ತೀನಿ. ಗುಂಪು ಕಟ್ಟಿದಾಗ ಜೋಡಿ ಹೆಸರು ಎರಡು ಕಡೆ ಸಿಕ್ಕಿವೆ. ಒಂದು ಜೋಡಿಯಲ್ಲಿ ಎರಡೂ ಒಂದೇ ಚಿತ್ರ, ಹ್ಯಾಶ್ (ಫೈಲ್‌ನ ಒಳಗಿನದ್ದರಿಂದ ಲೆಕ್ಕ ಹಾಕುವ ಗುರುತು) ಹೊಂದುತ್ತೆ. ಇನ್ನೊಂದರಲ್ಲಿ ಚಿತ್ರಗಳೇ ಬೇರೆ. ಅದಕ್ಕೆ ಹೊಸ ಹೆಸರು ಕೊಡುತ್ತಿದ್ದೀನಿ.